ಕಂಡರೆ ಮಾತ್ರ ಕಾಸು: ಬ್ಲಾಗ್ ನಡೆಸುವ ವಿದ್ಯಾರ್ಥಿಗಳಿಗೆ ಆಡ್ ಆಪರೇಷನ್ಸ್ ಮೇಜಿನಿಂದ

ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಲೇ ಕನ್ನಡದಲ್ಲಿ ಬ್ಲಾಗ್ ನಡೆಸುವವರು ತಾಣದ ಜಾಹೀರಾತುಗಳನ್ನು ನೋಡಿಕೊಳ್ಳುವ ನಮ್ಮ ಆಡ್ ಆಪರೇಷನ್ಸ್ ವಿಭಾಗಕ್ಕೆ ಇಂಟರ್ನ್‌ಶಿಪ್‌ಗೆ ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಒಂದು ಪುಟಕ್ಕೆ ಎಷ್ಟು ಜಾಹೀರಾತು ಹಾಕಬಹುದು? ಜಾಹೀರಾತು ಕೊಳ್ಳುವವರು ಈ ಲೆಕ್ಕವನ್ನು ಬಿಟ್ಟು ಬಹಳ ದಿನವಾಯಿತು. ಹಾಕಿದ್ದು ಓದುಗರ ಕಣ್ಣಿಗೆ ಬಿತ್ತೇ, ಎಷ್ಟು ಹೊತ್ತು ಇತ್ತು ಎನ್ನುವುದರ ಮೇಲೆ ಅವರು ಬೆಲೆ ಕಟ್ಟುತ್ತಾರೆ.

ವೆಬ್ ಜಾಹೀರಾತಿನ ಮೊದಲ ದಿನಗಳಲ್ಲಿ, 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ 468×60 ಪಿಕ್ಸೆಲ್ ಬ್ಯಾನರ್ ಬಂದಾಗ ಮಾರಾಟವಾದದ್ದು ಪತ್ರಿಕೆಯ ಕಾಲಂನ ಹಾಗೆ, ಇಷ್ಟು ಜಾಗ, ಇಷ್ಟು ದಿನ ಎಂದು. 2003ರಲ್ಲಿ, ತಾಣಗಳಿಗೆ ಜಾಹೀರಾತು ಒದಗಿಸಿ ಹಣ ಕೊಡುವ ಗೂಗಲ್ ಆಡ್‌ಸೆನ್ಸ್ ಬಂದ ಮೇಲೆ ಸಣ್ಣ ಬ್ಲಾಗಿಗೂ ಕ್ಲಿಕ್ಕಿಗೆ ಇಷ್ಟು ಎಂಬ ಲೆಕ್ಕ ಶುರುವಾಯಿತು. ಹಿಂದಿಗೆ ಆಡ್‌ಸೆನ್ಸ್ ಸಿಕ್ಕಿದ್ದೇ 2014ರ ಡಿಸೆಂಬರ್‌ನಲ್ಲಿ, ಕನ್ನಡದ ಸರದಿ ಅದಕ್ಕೂ ತಡವಾಗಿ ಬಂತು. 2024ರ ಆರಂಭದಿಂದ ಆಡ್‌ಸೆನ್ಸ್ ಕ್ಲಿಕ್ ಬಿಟ್ಟು ಇಂಪ್ರೆಷನ್ ಮೇಲೆ, ಅಂದರೆ ಜಾಹೀರಾತು ತೋರಿಸಿದ ಸಲ ಎಣಿಸಿ ಹಣ ಕೊಡುತ್ತಿದೆ. ಕೊಳ್ಳುವವರ ಕಡೆಯ ಶುಲ್ಕ ಕಳೆದು ಉಳಿದದ್ದರಲ್ಲಿ 80 ಪ್ರತಿಶತ ತಾಣದವರಿಗೆ. ಜಾಹೀರಾತು ಕೊಳ್ಳುವವರು ಬಳಸುವ ಗೂಗಲ್ ಆಡ್ಸ್ ಮೂಲಕ ಬಂದ ಜಾಹೀರಾತಾದರೆ ಒಟ್ಟು ಲೆಕ್ಕದಲ್ಲಿ ಇದು ಸುಮಾರು 68 ಪ್ರತಿಶತವಾಗುತ್ತದೆ.

ತೋರಿಸಿದ್ದಕ್ಕೇ ಹಣ ಅಂದಮೇಲೆ ಆರು ಜಾಗ ಇಟ್ಟರೆ ಆರು ಪಟ್ಟು ಹಣ ಅಲ್ಲವೇ ಎಂದು ತೋರುವುದು ಸಹಜ. ಹೆಚ್ಚಿನವರು ಎಡವುವುದು ಇಲ್ಲೇ.

ಜಾಹೀರಾತು ಲೋಡ್ ಆಗುವುದು ಒಂದು, ಕಾಣುವುದು ಇನ್ನೊಂದು. ಉದ್ಯಮ ಒಪ್ಪಿಕೊಂಡ ಅಳತೆ ಹೀಗಿದೆ: ಚಿತ್ರದ ಜಾಹೀರಾತಾದರೆ ಅದರ ಅರ್ಧದಷ್ಟು ಪಿಕ್ಸೆಲ್ ಕನಿಷ್ಠ 1 ಸೆಕೆಂಡ್ ಎಡೆಬಿಡದೆ ಪರದೆಯ ಮೇಲಿರಬೇಕು, ವಿಡಿಯೊ ಆದರೆ 2 ಸೆಕೆಂಡ್. ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 10,000 ಸಲ ತೆರೆದ ಪುಟದಲ್ಲಿ 6 ಜಾಗಗಳಿದ್ದರೆ 60,000 ಇಂಪ್ರೆಷನ್. ಅದರಲ್ಲಿ ಕಂಡದ್ದು 35 ಪ್ರತಿಶತ ಎಂದುಕೊಂಡರೆ 21,000. ಅದೇ ಪುಟದಲ್ಲಿ 3 ಜಾಗ ಇಟ್ಟು, ಕಾಣುವಿಕೆಯನ್ನು 70 ಪ್ರತಿಶತಕ್ಕೆ ಏರಿಸಿದರೆ 30,000 ಇಂಪ್ರೆಷನ್, ಕಂಡದ್ದು ಮತ್ತೆ 21,000. ಕಣ್ಣಿಗೆ ಬಿದ್ದದ್ದು ಎರಡರಲ್ಲೂ ಒಂದೇ, ಆದರೆ ಪುಟ ತೆರೆದಾಗಲೆಲ್ಲ ಆ ಜಾಗಕ್ಕಾಗಿ ಕೊಳ್ಳುವವರ ನಡುವೆ ನಡೆಯುವ ಹರಾಜಿನಲ್ಲಿ ಎರಡನೆಯ ಪುಟಕ್ಕೆ ಕೂಗುವ ಬೆಲೆ ಹೆಚ್ಚು. ದೊಡ್ಡ ತಾಣಗಳು ಬಳಸುವ ಗೂಗಲ್ ಆಡ್ ಮ್ಯಾನೇಜರ್ 2019ರಲ್ಲಿ, ಆಡ್‌ಸೆನ್ಸ್ 2021ರಲ್ಲಿ ಕೂಗಿದ ಬೆಲೆಯನ್ನೇ ಪೂರ್ತಿ ಕೊಡಬೇಕಾದ ಹರಾಜಿಗೆ ಬದಲಾದವು. ಅಂದಿನಿಂದ ಕೊಳ್ಳುವವರ ಯಂತ್ರಗಳು ಪ್ರತಿ ಜಾಗದ ಹಿಂದಿನ ದಾಖಲೆ ನೋಡಿಯೇ ಕೂಗುತ್ತವೆ. ಕಾಣುವಿಕೆ ಕಡಿಮೆ ಇರುವ ಜಾಗಗಳನ್ನು ಎಷ್ಟೋ ಮಂದಿ ಹರಾಜಿಗೆ ಮೊದಲೇ ಜರಡಿ ಹಿಡಿದು ಬಿಟ್ಟುಬಿಡುತ್ತಾರೆ.

ಹಾಗಾದರೆ ಎಲ್ಲಿಡಬೇಕು? ತಲೆಬರಹದ ಮೇಲಿನ ಪಟ್ಟಿ ಎಲ್ಲರಿಗೂ ಮೊದಲು ಹೊಳೆಯುವ ಜಾಗ, ಮೊಬೈಲ್‌ನಲ್ಲಿ ಅದು ಬಹಳ ಸಲ ಸೋಲುತ್ತದೆ. ಜಾಹೀರಾತು ಬಂದು ಕೂರುವಷ್ಟರಲ್ಲಿ ಓದುಗರು ಹೆಬ್ಬೆರಳಿನಿಂದ ಕೆಳಗೆ ಸರಿದಾಗಿರುತ್ತದೆ. ಎರಡನೇ ಪ್ಯಾರಾ ಮುಗಿದ ಕೂಡಲೇ 300×250 ಪಿಕ್ಸೆಲ್‌ನ ಒಂದು ಜಾಹೀರಾತು, ಬರಹದ ನಡುವೆ ಇನ್ನೊಂದು, ಕೊನೆಯಲ್ಲಿ ಬೇಕಿದ್ದರೆ ಮತ್ತೊಂದು. ಉದ್ದ ಬರಹಕ್ಕೂ ಇಷ್ಟು ಸಾಕು. ಮೊಬೈಲ್ ಪುಟದಲ್ಲಿ ಜಾಹೀರಾತುಗಳ ಒಟ್ಟು ಎತ್ತರ ಮುಖ್ಯ ಬರಹದ ಎತ್ತರದ 30 ಪ್ರತಿಶತ ದಾಟಬಾರದು ಎಂಬ ನಿಯಮವೂ ಉದ್ಯಮದಲ್ಲಿದೆ. ಅದನ್ನು ಮತ್ತೆ ಮತ್ತೆ ಮೀರಿದ ತಾಣದ ಎಲ್ಲ ಜಾಹೀರಾತುಗಳನ್ನೂ ಕ್ರೋಮ್ ತಡೆಹಿಡಿಯಬಹುದು. ಈ ತಡೆ 2018ರ ಫೆಬ್ರುವರಿಯಲ್ಲಿ ಉತ್ತರ ಅಮೆರಿಕ, ಯೂರೋಪಿನಲ್ಲಿ ಶುರುವಾಗಿ 2019ರ ಜುಲೈ 9ರಿಂದ ಎಲ್ಲ ದೇಶಗಳಿಗೂ ಬಂತು.

ಕನ್ನಡದ ಪುಟಗಳಿಗೆ ಅಂಟಿದ ಒಂದು ಕಾಟವಿದೆ. ಪುಟ ತೆರೆದಾಗ ಮೊದಲು ಫೋನಿನ ಅಕ್ಷರದಲ್ಲಿ ಬರಹ ಕಾಣುತ್ತದೆ. ಅರೆಗಳಿಗೆ ಬಿಟ್ಟು ನೀವು ಆರಿಸಿದ ವೆಬ್‌ಫಾಂಟ್ ಬಂದು ಕೂರುತ್ತದೆ. ಎರಡರ ಅಗಲ ಬೇರೆ, ಒತ್ತಕ್ಷರ ಇಳಿಯುವ ಆಳ ಬೇರೆ. ಪ್ಯಾರಾ ನಾಲ್ಕು ಸಾಲಿನಿಂದ ಐದಾಗುತ್ತದೆ, ಕೆಳಗಿನ ಜಾಹೀರಾತು ಒಂದು ಸಾಲಿನಷ್ಟು ಕುಸಿಯುತ್ತದೆ. ಮುಂದಿನ ಲೇಖನದ ಕೊಂಡಿ ಒತ್ತಲು ಹೋದ ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ಇಂಥ ಆಕಸ್ಮಿಕ ಕ್ಲಿಕ್‌ಗಳನ್ನು ಗೂಗಲ್ ಗುರುತಿಸಿ ಆದಾಯದಿಂದ ಕಳೆಯುತ್ತದೆ, ಹೆಚ್ಚಾದರೆ ಆ ಜಾಗಕ್ಕೆ ಎರಡು ಸಲ ಒತ್ತಿದರೆ ಮಾತ್ರ ತೆರೆಯುವ ಬೀಗ ಹಾಕುತ್ತದೆ. ಇದಕ್ಕೆ ಮದ್ದು ಸರಳ. ಜಾಹೀರಾತಿನ ಚೌಕಕ್ಕೆ ಮೊದಲೇ 250 ಪಿಕ್ಸೆಲ್ ಕನಿಷ್ಠ ಎತ್ತರ ಕೊಟ್ಟು ಕಾಯ್ದಿರಿಸಿ. ಫಾಂಟಿನ ರೆಗ್ಯುಲರ್, ಬೋಲ್ಡ್ ಎರಡನ್ನೇ ಇಟ್ಟು, ಕನ್ನಡದ ಭಾಗವನ್ನು ಮಾತ್ರ ಕತ್ತರಿಸಿಕೊಂಡು ಪುಟದ ತಲೆಯಲ್ಲೇ ಮುಂಚಿತವಾಗಿ ತರಿಸಿ. ಸಾಲಿನ ಎತ್ತರ ಅಕ್ಷರದ 1.6 ಪಟ್ಟಿಗಿಂತ ಕಡಿಮೆ ಬೇಡ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ವರದಿಯಲ್ಲಿ ಲೇಔಟ್ ಅಲುಗಾಟದ (CLS) ಅಂಕ 0.1ರೊಳಗೆ ಬಂದರೆ ಸರಿಯಾಗಿದೆ ಎಂದರ್ಥ.

ಹಳೆಯ ಬರಹಗಳನ್ನೂ ತೆರೆದು ನೋಡಿ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪುಟ ಏನು ಹೇಳುತ್ತಿದೆ ಎಂದು ತಿಳಿಯದಿದ್ದರೆ ಹೊಂದುವ ಜಾಹೀರಾತೂ ಬಾರದು. ಓದುಗರ ಜಾಡು ಹಿಡಿದು ಜಾಹೀರಾತು ಕೊಡಲು ನೆರವಾಗುವ ಬೇರೆ ತಾಣಗಳ ಕುಕಿಗಳನ್ನು ಸಫಾರಿ ಬ್ರೌಸರ್ 2020ರಿಂದ ಪೂರ್ತಿ ತಡೆಯುತ್ತಿದೆ. ಕ್ರೋಮ್ ತಾನೂ ತಡೆಯುವುದಾಗಿ 2020ರಲ್ಲಿ ಸಾರಿ, 2024ರ ಜುಲೈನಲ್ಲಿ ಹಿಂದೆ ಸರಿಯಿತು. ಕುಕಿಯ ಆಟ ಹೇಗೇ ಇರಲಿ, ಪುಟದ ವಿಷಯ ನೋಡಿ ಕೊಡುವ ಜಾಹೀರಾತು ನಿಮ್ಮ ಕೈಯಲ್ಲಿರುವ ಆಸ್ತಿ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಕೊಂಬುಗಳನ್ನು ಕಣ್ಣಿಟ್ಟು ತಿದ್ದಬೇಕು.

ಹಾಸ್ಟೆಲ್ ವೈಫೈನಲ್ಲಿ ಗೆಳೆಯರಿಂದ ಕ್ಲಿಕ್ ಮಾಡಿಸುವುದು ಬೇಡವೇ ಬೇಡ. ಖಾತೆ ಮುಚ್ಚಿಹೋದರೆ ಮರಳಿ ಪಡೆಯುವುದು ಬಹಳ ಕಷ್ಟ.

ಹುಡುಕಾಟದಿಂದ ಬರುವ ಓದುಗರೂ ಬದಲಾಗುತ್ತಿದ್ದಾರೆ. ಗೂಗಲ್ 2024ರ ಆಗಸ್ಟ್‌ನಲ್ಲಿ ಭಾರತದಲ್ಲಿ ಎಐ ಸಾರಾಂಶಗಳನ್ನು ತಂದಮೇಲೆ ಯಾವ ದಿನ, ಎಷ್ಟು ಹೊತ್ತಿಗೆ, ಹಾಗೆಂದರೇನು ಎಂಬಂಥ ಪ್ರಶ್ನೆಗಳಿಗೆ ಉತ್ತರ ಹುಡುಕಾಟದ ಪುಟದಲ್ಲೇ ಸಿಗುತ್ತದೆ, ತಾಣದ ಬಾಗಿಲು ತಟ್ಟುವ ಅಗತ್ಯವೇ ಬೀಳುವುದಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಎಂಬಷ್ಟನ್ನೇ ಹೇಳುವ ಪುಟಕ್ಕೆ ಇನ್ನು ಉಳಿಗಾಲ ಕಷ್ಟ. ಬುಲ್ ಟೆಂಪಲ್ ರಸ್ತೆಯ ಯಾವ ತುದಿಯಲ್ಲಿ ಹುರಿದದ್ದು, ಯಾವ ತುದಿಯಲ್ಲಿ ಹಸಿಕಾಯಿ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ನಡೆದು ನೋಡಿ ಬರೆದ ಪುಟಕ್ಕೆ ಓದುಗರೂ ಇದ್ದಾರೆ, ಜಾಹೀರಾತೂ ಇದೆ.

ಆ ಜಾಹೀರಾತನ್ನು ಹರಾಜಿಗೆ ಬಿಡದೆ ನೇರವಾಗಿ ಮಾರುವುದು ಲೇಸು. ಪರಿಷೆಗೆ ಮೂರು ವಾರ ಮುಂಚೆ ಗಾಂಧಿ ಬಜಾರ್, ಜಯನಗರದ ಅಂಗಡಿಗಳವರನ್ನು ಕೇಳಿ. ಹದಿನೈದು ದಿನಕ್ಕೆ ಇಷ್ಟು ಎಂದು ಒಟ್ಟು ಮೊತ್ತ ಹೇಳಿದರೆ ಅವರಿಗೂ ಅರ್ಥವಾಗುತ್ತದೆ. ಚಿತ್ರವನ್ನು 600×500ರಲ್ಲಿ ಮಾಡಿಸಿ 300×250 ಜಾಗದಲ್ಲಿ ತೋರಿಸಿದರೆ ಅಕ್ಷರ ಚೊಕ್ಕವಾಗಿರುತ್ತದೆ, ತೂಕ 150 ಕೆಬಿ ದಾಟದಿರಲಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬ ಆಯ್ಕೆ ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತು, ‘ಅಮ್ಮ’ ಎಂಬುದು ಮಧ್ಯೆ ಮುರಿದುಹೋಗುತ್ತದೆ. ಅಂಗಡಿಯ ಹೆಸರೇ ಹಾಗೆ ಮುರಿದರೆ ಗಿರಾಕಿ ಕೈತಪ್ಪಿದಂತೆಯೇ.

ಗೂಗಲ್ ಹುಡುಕಾಟದ ಜಾಹೀರಾತು ಬರೆದುಕೊಡಿ ಎಂದೂ ಅಂಗಡಿಯವರೇ ಕೇಳುತ್ತಾರೆ. ಅಲ್ಲಿ ಶೀರ್ಷಿಕೆಗೆ 30 ಅಕ್ಷರದ ಮಿತಿ, ವಿವರಣೆಗೆ 90. ಕನ್ನಡದಲ್ಲಿ ಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವೂ ಎಣಿಕೆಗೆ ಬರುತ್ತವೆ. ‘ರಾಜ್ಯೋತ್ಸವ’ ಕಣ್ಣಿಗೆ 4 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 10. ‘ಕನ್ನಡ ರಾಜ್ಯೋತ್ಸವ ಪುಸ್ತಕ ಮೇಳ’ ಎಂದರೆ ಖಾಲಿ ಜಾಗವೂ ಸೇರಿ 27, ಮುಂದೆ ಇನ್ನೊಂದು ಪದ ಹಿಡಿಸುವುದು ಕಷ್ಟ. ಒತ್ತು ಕಡಿಮೆಯಿರುವ ಪದ ಆರಿಸುವ ಕೌಶಲ ಇಲ್ಲಿ ನೇರವಾಗಿ ದುಡ್ಡಾಗುತ್ತದೆ. ಕೊಂಡಿಯ ವಿಳಾಸದಲ್ಲಂತೂ ಕನ್ನಡ ಹಾಕಬೇಡಿ: ವಾಟ್ಸಾಪ್‌ನಲ್ಲಿ ನಕಲಿಸಿದಾಗ ಒಂದೊಂದು ಚಿಹ್ನೆಯೂ 9 ಅಕ್ಷರಗಳಾಗಿ ಹಿಗ್ಗಿ, ‘ಕನ್ನಡ’ ಎಂಬುದೊಂದೇ 45 ಅಕ್ಷರವಾಗಬಹುದು.

ಅಂಗಡಿಯ ಬಗ್ಗೆ ಹಣ ಪಡೆದು ಬರೆದರೆ ಬರಹದ ತಲೆಯಲ್ಲೇ ‘ಜಾಹೀರಾತು’ ಎಂದು ಕನ್ನಡದಲ್ಲಿ ಹಾಕಿ. ಜಾಹೀರಾತು ಮಾನದಂಡ ಮಂಡಳಿಯ ನಿಯಮ 2021ರ ಜೂನ್ 14ರಿಂದ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಉಡುಗೊರೆಯಾಗಿ ಬಂದ ಸೀರೆ, ಪುಕ್ಕಟೆ ಊಟವೂ ಹಣಕ್ಕೆ ಸಮ. ಅಂಥ ಬರಹದ ಕೊಂಡಿಗೆ ಪ್ರಾಯೋಜಿತ (rel="sponsored") ಎಂಬ ಗುರುತನ್ನೂ ಕೋಡ್‌ನಲ್ಲಿ ಸೇರಿಸಿ, ಗೂಗಲ್ 2019ರಿಂದ ಅದನ್ನು ಓದುತ್ತದೆ.

ಅವಧಿ ಮುಗಿದ ಮೇಲೆ ಅಂಗಡಿಯವರಿಗೆ ಒಂದು ಹಾಳೆಯ ವರದಿ ಕೊಡಿ: ಎಷ್ಟು ಸಲ ಕಂಡಿತು, ಎಷ್ಟು ಮಂದಿ ಒತ್ತಿದರು, ಮೊಬೈಲ್ ಪರದೆಯ ಎರಡು ಚಿತ್ರ. ಒತ್ತಿದವರ ಸಂಖ್ಯೆ ಸಣ್ಣದಿರುತ್ತದೆ, ಅದನ್ನು ಉಬ್ಬಿಸಬೇಡಿ. ಜಾಹೀರಾತಿನಲ್ಲೇ ಒಂದು ಚಿಕ್ಕ ರಿಯಾಯಿತಿ ಪದ ಕೊಟ್ಟಿದ್ದರೆ, ಅದನ್ನು ಹೇಳಿಕೊಂಡು ಬಂದವರಿಗೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದ ಪುಸ್ತಕದಲ್ಲಿ ಒಂದೊಂದು ಗೀಟು ಹಾಕಿಡಲು ಮೊದಲ ದಿನವೇ ಹೇಳಿರಿ. ಮುಂದಿನ ವರ್ಷದ ಪರಿಷೆಗೆ ದರ ಮಾತಾಡುವಾಗ ಅಂಗಡಿಯವರು ನಂಬುವುದು ಆ ಗೀಟುಗಳನ್ನೇ.