ಎರಡು ತೂಕದಲ್ಲಿ ಪಟ್ಟ ಗೆದ್ದ ಅತಿ ದುರ್ಬಲ ಬಾಕ್ಸರ್: ಬದಿಯಡ್ಕದ ಪಟ್ಟಿ, ಮೂರನೇ ಕಂತು

ಎರಡೇ ತೂಕ ವಿಭಾಗಗಳಲ್ಲಿ ವಿಶ್ವ ಪಟ್ಟ ಗೆದ್ದ ಬಾಕ್ಸರ್‌ಗಳಲ್ಲಿ ಅತಿ ದುರ್ಬಲರು ಯಾರು ಎಂದು ಅಂಕ ಹಾಕಿ ಹುಡುಕುವ ಪಟ್ಟಿ ಇದು. ಅಂಕ ಕೊಡುವ ಕ್ರಮವನ್ನೇ ಈ ವಾರ ಬದಲಿಸಬೇಕಾಯಿತು. ಹಳೆಯ ಲೆಕ್ಕದಲ್ಲಿ ಒಟ್ಟು ಸೋಲುಗಳಿಗೆ 40 ಅಂಕ ಇತ್ತು. ಪರೀಕ್ಷೆಗೆಂದು ಅಯ್ರಾನ್ ಬಾರ್ಕ್ಲಿಯವರನ್ನು ಹಾಕಿ ನೋಡಿದರೆ 19 ಸೋಲಿನ ಭಾರಕ್ಕೆ ಅವರೇ ತುದಿಗೆ ಬಂದು ಕೂತರು. (ಮೂರು ತೂಕದಲ್ಲಿ ಗೆದ್ದವರಾದ್ದರಿಂದ ಪಟ್ಟಿಗೆ ಸೇರುವವರೇ ಅಲ್ಲ.) ದಿಗ್ಗಜ ಥಾಮಸ್ ಹರ್ನ್ಸ್ ಅವರನ್ನು 1988ರಲ್ಲಿ ಮೂರೇ ಸುತ್ತಿನಲ್ಲಿ ಮುಗಿಸಿ, 1992ರಲ್ಲಿ ಮತ್ತೊಮ್ಮೆ ಸೋಲಿಸಿದವರು ದುರ್ಬಲರೇ? ಪಟ್ಟ ಹೋದ ಮೇಲಿನ ಸೋಲುಗಳನ್ನು ಎಣಿಸಿದ್ದೇ ತಪ್ಪು.

ಹೊಸ ಕ್ರಮ, 100ಕ್ಕೆ. ಅಂಕ ಹೆಚ್ಚಿದಷ್ಟು ದುರ್ಬಲ. ಗೆದ್ದ ಬೆಲ್ಟ್ (ಪಟ್ಟ) ಆಗ ಯಾರ ಬಳಿಯೂ ಇಲ್ಲದೆ ಖಾಲಿ ಬಿದ್ದಿದ್ದರೆ 25. ಸೋಲಿಸಿದ ಎದುರಾಳಿಯ ಹಿಂದಿನ ಮೂರು ಪಂದ್ಯ ಸಪ್ಪೆಯಾಗಿದ್ದರೆ 35ರ ತನಕ. ಗೆದ್ದ ಪಟ್ಟವನ್ನು ಮುಂದಿನ ಪಂದ್ಯಗಳಲ್ಲಿ ಒಮ್ಮೆಯೂ ಉಳಿಸಿಕೊಳ್ಳದಿದ್ದರೆ 25. ಬೇಗ ನಾಕೌಟ್ ಆಗಿ ಕಳೆದುಕೊಂಡಿದ್ದರೆ 15. ಪೈವಳಿಕೆ ಬೋಳಂಗಳ ಕಂಬಳದಲ್ಲಿ ನೇಗಿಲು ಕಿರಿಯ ವಿಭಾಗದಲ್ಲಿ ಕೋಣಗಳ ಜೋಡಿಯೊಂದು ಗೆದ್ದಿತೆಂದರೆ ಎಷ್ಟು ಜೋಡಿ ಓಡಿದವು ಎಂದು ಕೇಳುವುದಿಲ್ಲವೇ, ಅದೇ ನ್ಯಾಯ.

ಎರಡು ಬೆಲ್ಟಿನ ಅಂಕಗಳ ಸರಾಸರಿ ಬೇಡ, ಕಡಿಮೆ ಇದ್ದದ್ದನ್ನೇ ಹಿಡಿಯಬೇಕು. ಸರಾಸರಿ ತೆಗೆದರೆ ರಿಕಾರ್ಡೊ ಮಯೋರ್ಗ ಒಳಗೆ ನುಸುಳುತ್ತಾರೆ. 2005ರಲ್ಲಿ ಪಿಚಿರಿಲ್ಲೊ ಎದುರು ಗೆದ್ದ ಡಬ್ಲ್ಯುಬಿಸಿ (ಪಟ್ಟ ಕೊಡುವ ಸಂಸ್ಥೆಗಳಲ್ಲೊಂದು; ಐಬಿಎಫ್, ಡಬ್ಲ್ಯುಬಿಎ, ಡಬ್ಲ್ಯುಬಿಒ ಕೂಡ ಅಂಥವೇ) ಲೈಟ್ ಮಿಡಲ್‌ವೇಟ್ ಬೆಲ್ಟ್ ಖಾಲಿಯದು. ಮರುವರ್ಷ ಡಿ ಲಾ ಹೋಯಾ ಆರನೇ ಸುತ್ತಿನಲ್ಲಿ ಕಿತ್ತುಕೊಂಡರು. ಆದರೆ 2003ರಲ್ಲಿ ವೆಲ್ಟರ್‌ವೇಟ್‌ನಲ್ಲಿ ಅವರು ಉರುಳಿಸಿದ್ದು ವರ್ನನ್ ಫಾರೆಸ್ಟ್ ಅವರನ್ನು, ಹಿಂದಿನ ವರ್ಷವಷ್ಟೇ ಹೆಸರಾಂತ ಶೇನ್ ಮೋಸ್ಲಿಯನ್ನು ಎರಡು ಸಲ ಸೋಲಿಸಿದ್ದವರನ್ನು.

ಪಾಲಿ ಮಾಲಿನಾಜಿ ಹೊರಗೆ. 36 ಗೆಲುವಿನಲ್ಲಿ 7 ನಾಕೌಟ್ ಮಾತ್ರ, ನಿಜ. ಕೈಯಲ್ಲಿ ಪೆಟ್ಟಿಲ್ಲ ಎಂದಾಕ್ಷಣ ಬಾಕ್ಸಿಂಗ್ ಬರುವುದಿಲ್ಲ ಎಂದಲ್ಲ. 2012ರಲ್ಲಿ ಚಾಂಪಿಯನ್ ಸೆಂಚೆಂಕೊ ಅವರ ದೇಶ ಉಕ್ರೇನಿನ ಡೊನೆಟ್ಸ್ಕ್‌ಗೇ ಹೋಗಿ, ಒಂಬತ್ತನೇ ಸುತ್ತಿನಲ್ಲಿ ಪಂದ್ಯ ನಿಲ್ಲಿಸುವಂತೆ ಮಾಡಿ ಗೆದ್ದು ಬಂದವರು.

ಸದ್ಯಕ್ಕೆ ತುದಿಯಲ್ಲಿರುವ ಹೆಸರು ಡ್ಯಾರಿನ್ ವ್ಯಾನ್ ಹಾರ್ನ್. 1989ರಲ್ಲಿ ರಾಬರ್ಟ್ ಹೈನ್ಸ್ ಅವರಿಂದ ಐಬಿಎಫ್ ಲೈಟ್ ಮಿಡಲ್‌ವೇಟ್ (154 ಪೌಂಡ್) ಪಟ್ಟ ಗೆದ್ದು, ಅದೇ ವರ್ಷ ರೋಸಿಗೆ ಬಿಟ್ಟುಕೊಟ್ಟರು. ಆಮೇಲೆ ಮಿಡಲ್‌ವೇಟ್ ಹಾರಿ 168 ಪೌಂಡ್‌ಗೆ (ಸೂಪರ್ ಮಿಡಲ್‌ವೇಟ್) ಏರಿ, 1991ರಲ್ಲಿ ಲಿಂಡೆಲ್ ಹೋಮ್ಸ್ ಅವರನ್ನು ಹನ್ನೊಂದನೇ ಸುತ್ತಿನಲ್ಲಿ ಮುಗಿಸಿದರು. 1992ರ ಜನವರಿಯಲ್ಲಿ ಬಾರ್ಕ್ಲಿ ಎದುರು ಎರಡೇ ಸುತ್ತಿನಲ್ಲಿ ಆ ಪಟ್ಟವೂ ಹೋಯಿತು. ಎರಡೂ ತೂಕ ಸೇರಿ ಉಳಿಸಿಕೊಂಡದ್ದು ಒಂದೇ ಸಲ. ಆದರೂ ಹೈನ್ಸ್ ಅದಕ್ಕೆ ಹಿಂದಿನ ಪಂದ್ಯದಲ್ಲೇ ಅಜೇಯ ಮ್ಯಾಥ್ಯೂ ಹಿಲ್ಟನ್ ಅವರನ್ನು ಸೋಲಿಸಿದ್ದರಿಂದ ಆ ಸಾಲಿನಲ್ಲಿ 35ಕ್ಕೆ 10 ಮಾತ್ರ ಸಿಕ್ಕಿತು. ಒಟ್ಟು 35 ದಾಟಲಿಲ್ಲ. ಇದನ್ನು ಮೀರಿಸುವವರು ಇನ್ನೂ ಸಿಗಬಹುದು.

ಶೀಟಿನಲ್ಲಿ ಪದೇ ಪದೇ ಎಡವುವುದು ಡಬ್ಲ್ಯುಬಿಎ ಕಾಲಂನಲ್ಲಿ. ಒಂದೇ ತೂಕಕ್ಕೆ 'ಸೂಪರ್' ಒಂದು, ಸಾಮಾನ್ಯ ಒಂದು, ಮೇಲೊಂದು ಮಧ್ಯಂತರ (ತಾತ್ಕಾಲಿಕ) ಪಟ್ಟ. ಮಧ್ಯಂತರದ್ದನ್ನು ಎಣಿಸುವುದಿಲ್ಲ.

ಮುಂದಿನ ಕಂತಿಗೆ 1983ಕ್ಕಿಂತ ಹಿಂದಿನವರು, ಬೇರೆಯೇ ಶೀಟಿನಲ್ಲಿ. ಆಗ ಐಬಿಎಫ್ ಇರಲಿಲ್ಲ, ಡಬ್ಲ್ಯುಬಿಒ ಬಂದದ್ದು 1988ರಲ್ಲಿ. ಖಾಲಿ ಬೆಲ್ಟಿನ 25 ಅಂಕವನ್ನು ಅವರಿಗೆ ಹಾಗೇ ಹಚ್ಚಲಾಗದು.