ಕ್ರಾಂತಿ ಬಿಟ್ಟು ಕಾಯ್ದೆಯ ಮಾತಾಡ್ತೀರಲ್ಲ, ಯಾಕೆ?

"ಒಂದು ಕಾಲಕ್ಕೆ ಕ್ರಾಂತಿ ಬಿಟ್ಟು ಬೇರೆ ಮಾತೇ ಆಡದಿದ್ದ ನೀವು ಈಗ ತಿದ್ದುಪಡಿ, ಪಹಣಿ ಅಂತ ಬರೀತೀರಲ್ಲ, ಯಾಕೆ?" ಹಳೆಯ ಗೆಳೆಯರೂ ಕೇಳುತ್ತಾರೆ, ಹೊಸ ಹುಡುಗರೂ ಕೇಳುತ್ತಾರೆ. ಭಯ ಬಂತಾ ಅಂತಲೂ ಕೇಳಿದವರಿದ್ದಾರೆ. ಭಯ ಅಲ್ಲ. ಕಾಗೋಡಿನ ಕಥೆಯನ್ನು ಕೊನೆಯವರೆಗೂ ಓದಿದ್ದು ಕಾರಣ.

ಮೊದಲ ಭಾಗ ನಮಗೆಲ್ಲ ಬಾಯಿಪಾಠ. 1951, ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿ. ಗದ್ದೆ ಉಳುವ ಗೇಣಿದಾರರು ಒಡೆಯರಿಗೆ ಕೊಡಬೇಕಾದ ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬ ತಕರಾರು ಬೆಳೆದು, ಎಚ್. ಗಣಪತಿಯಪ್ಪನವರು ಸಂಘಟಿಸಿದ ಗೇಣಿದಾರರು ಜೈಲಿಗೆ ಹೋದರು, ಸಮಾಜವಾದಿಗಳು ಬೆನ್ನಿಗೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ನಮ್ಮ ಭಾಷಣಗಳು ಇಲ್ಲಿಗೇ ಮುಗಿಯುತ್ತಿದ್ದವು.

ಆದರೆ ಗದ್ದೆ ಗೇಣಿದಾರರ ಹೆಸರಿಗೆ ಆಗಿದ್ದು ಆ ವರ್ಷ ಅಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದು ವಿಧಾನಸಭೆಗೆ ಹೋದರು, ಅಲ್ಲಿ ಗೇಣಿದಾರರ ಪರ ದನಿ ಎತ್ತಿದರು. 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂತು, ಅದರಲ್ಲಿ ಭೂಮಾಲೀಕರು ನುಸುಳಿಕೊಳ್ಳಲು ದಾರಿ ಜಾಸ್ತಿ ಇತ್ತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಯಾಗಿದ್ದು 1974ರ ಮಾರ್ಚ್ 1ಕ್ಕೆ. ಅದನ್ನು ನೋಡಲು ಗೋಪಾಲಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಆ ತಿದ್ದುಪಡಿ ಕೆಲಸ ಮಾಡಿದ ರೀತಿ ನನ್ನನ್ನು ಬದಲಾಯಿಸಿತು. ಗದ್ದೆ ತನ್ನ ಹೆಸರಿಗೆ ಆಗಲು ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಬೇಕಿತ್ತು, ಮಂಡಳಿಯಲ್ಲಿ ಅಧಿಕಾರಿಯ ಜೊತೆ ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕಿತ್ತು. ಮೊದಲಿಗೆ ವಕೀಲರು ವಾದ ಮಾಡುವಂತೆಯೂ ಇರಲಿಲ್ಲ. ಒಡೆಯರ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ ಮನುಷ್ಯ, ಅದೇ ಒಡೆಯರ ಎದುರು ನಿಂತು "ಈ ಗದ್ದೆ ಉಳುವವನು ನಾನು" ಅಂತ ಹೇಳಬಹುದಿತ್ತು. ನಾನು ಕ್ರಾಂತಿಯಿಂದ ಬಯಸಿದ್ದೂ ಇದೇ ಅಲ್ವಾ? ಒಂದು ಹೆಣ ಬೀಳದೆ, ಇಪ್ಪತ್ತು ವರ್ಷ ಬಿಡದೆ ಕೇಳಿದ್ದಕ್ಕೆ ಬಂದ ಕಾಯ್ದೆಯಿಂದ ಇದು ಆಗುತ್ತದೆ ಅಂದರೆ, ಆ ದಾರಿಯನ್ನು ಸುಮ್ನೆ "ತೇಪೆ ಕೆಲಸ" ಅಂತ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಕಾಗೋಡಿನ ಸತ್ಯಾಗ್ರಹ ಇಲ್ಲದೆ ಈ ಕಾಯ್ದೆ ಬರುತ್ತಿತ್ತು ಅಂತಲೂ ನಾನು ನಂಬುವುದಿಲ್ಲ. ಬೀದಿಯೂ ಬೇಕು, ಸದನವೂ ಬೇಕು.

"ಕೊಟ್ಟಿದ್ದನ್ನು ಸರ್ಕಾರವೇ ಕಿತ್ತುಕೊಂಡರೆ?" ಅಂತ ಗೆಳೆಯರು ಕೇಳುತ್ತಾರೆ. ಈ ಪ್ರಶ್ನೆಗೆ ತೂಕ ಇದೆ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆಯಿತು. ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳಿಗೆ 1974ರಲ್ಲಿ ಸಿಕ್ಕಿದ್ದೂ ಕಡಿಮೆಯೇ. ಅದಕ್ಕೇ ಪಹಣಿ, ತಿದ್ದುಪಡಿ ಅಂತ ಬರೆಯುತ್ತಿದ್ದೇನೆ. ಆ ಕುಟುಂಬಗಳ ಹೆಸರಿಗೆ, ಹೆಂಗಸರ ಹೆಸರೂ ಸೇರಿ, ಭೂಮಿ ಕೊಡುವ ಕಾಯ್ದೆ ಇನ್ನೂ ಬರಬೇಕಿದೆ.