ಮನೆಪೆದ ಕೇಳಿದ್ದಕ್ಕೆ

ಧ್ವನಿಮುದ್ರಣ ಒಟ್ಟು 42 ನಿಮಿಷದ್ದು. ನನ್ನ ನಿದ್ದೆ ಕೆಡಿಸಿರುವುದು ಅದರ ಮೊದಲ ಹತ್ತು ಸೆಕೆಂಡು. ಕಳೆದ ಭಾನುವಾರದಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಾಫಿ ಕಣದಲ್ಲಿ ನಿಂತು ಕೇಳಿದೆ, ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕೇಳಿದೆ, ರಾತ್ರಿ ದೀಪ ಆರಿಸಿದ ಮೇಲೆ ಕೇಳಿದೆ.

ಮೊದಲು ನನ್ನ ದನಿ: "ಅಜ್ಜಿ, ನಿಮ್ಮ ಹೆಸರು, ಊರು, ಮನೆಪೆದ ಹೇಳಿ." ಸ್ವಲ್ಪ ಹೊತ್ತು ಏನೂ ಇಲ್ಲ. ಅಂಗಳದ ಕೋಳಿಯೊಂದು ಕೂಗುತ್ತದೆ. ಆಮೇಲೆ ಅಜ್ಜಿಯ ದನಿ, ಎಲ್ಲೋ ದೂರದಿಂದ ಬಂದ ಹಾಗೆ: "ಹೆಸರು ನಿಮಗೆ ಗೊತ್ತಲ್ಲ ಅಕ್ಕ. ಮನೆಪೆದ ನಿಮ್ಮದೇ."

ಅದರ ಬೆನ್ನಿಗೇ ನನ್ನ ನಗು. ಬಾಯಿತುಂಬ ನಕ್ಕಿದ್ದೇನೆ, ಸಂತೋಷದಿಂದ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಹೊಸಬರು ಎದುರಾದರೆ ನಮ್ಮಲ್ಲಿ ಮೊದಲು ಕೇಳುವುದೇ ಮನೆಪೆದ, ಅಂದರೆ ಒಕ್ಕದ, ಒಂದೇ ಮೂಲದಿಂದ ಬಂದ ಕುಟುಂಬದ ಹೆಸರು. ಅದೊಂದು ಸಿಕ್ಕಿದರೆ ಯಾವ ನಾಡು, ಯಾವ ಊರು, ಯಾರಿಗೆ ಯಾರು ನೆಂಟರು ಎಂಬುದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಳಕೆ ತಪ್ಪುತ್ತಿರುವ ನಮ್ಮ ನುಡಿ ಕೊಡವ ತಕ್ಕ್‌ನ ಮಾತುಗಳನ್ನೂ ಹಳೆಯ ಹಾಡುಗಳನ್ನೂ ಹಿರಿಯರ ಬಾಯಿಂದಲೇ ಮುದ್ರಿಸಿಡೋಣವೆಂದು ನಾವು ನಾಲ್ಕೈದು ಶಿಕ್ಷಕರು ಹೊರಟಿದ್ದೇವೆ. ಅದಕ್ಕೆ ಬೇಕಾದ ನಮೂನೆಯನ್ನು ತಯಾರಿಸಿದವಳು ನಾನೇ. ಹೆಸರು, ವಯಸ್ಸು, ಊರು, ಮನೆಪೆದ. ಎಲ್ಲರಿಗೂ ಒಂದು ಮನೆಪೆದ ಇದ್ದೇ ಇರುತ್ತದೆ ಎಂದುಕೊಂಡು ಆ ಸಾಲನ್ನು ಹಾಕಿದ್ದೆ.

ನಮ್ಮ ಸುಗ್ಗಿಹಬ್ಬ ಹುತ್ತರಿಗೆ ಇನ್ನೂ ಹತ್ತು ದಿನ ಇತ್ತು. ಕಕ್ಕಬ್ಬೆ ಕಡೆ ಇರುವ, ನಮ್ಮ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಹೋಗಿ, ಗದ್ದೆಯಾಚೆಯ ಕೇರಿಯಿಂದ ಅಜ್ಜಿಯನ್ನು ಕರೆಸಿದೆ. ನಾನೇ ಅಲ್ಲಿಗೆ ಹೋಗಬಹುದಿತ್ತು. ಹೊಳೆಯಲಿಲ್ಲ. ಅಜ್ಜಿ ಕೊಡವರ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿದ ಕೆಂಬಟ್ಟಿ ಸಮುದಾಯದವರು, ಎಂಬತ್ತು ದಾಟಿದವರು. ಅವರ ಮನೆಮಾತೂ ನಮ್ಮದೇ ಕೊಡವ ತಕ್ಕ್. ನಾನು ಚಿಕ್ಕವಳಿದ್ದಾಗ ಇದೇ ಅಜ್ಜಿಯನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದೆ. ನನ್ನ ಅಮ್ಮನಿಗಿಂತ ದೊಡ್ಡವರನ್ನು, ಏಳು ವರ್ಷದ ನಾನು. ಯಾರೂ ತಿದ್ದಲಿಲ್ಲ.

ಆ ದಿನ ನಾನು ಕುಳಿತದ್ದು ಜಗಲಿಯ ಐಮರದ, ಅಂದರೆ ಅಡ್ಡಹಲಗೆಯ ಮೇಲೆ. ಮೇಲೆ ಬಂದು ಕುಳಿತುಕೊಳ್ಳಿ ಎಂದು ಎರಡು ಸಲ ಹೇಳಿದೆ. ಅವರು ಬರಲಿಲ್ಲ, ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಮೊಬೈಲನ್ನು ನನ್ನ ಪಕ್ಕದಲ್ಲಿ ಇಟ್ಟಿದ್ದೆ. ಹಾಗಾಗಿ 42 ನಿಮಿಷವೂ ನನ್ನ ದನಿ ಗಟ್ಟಿಯಾಗಿದೆ, ಅವರದು ಸಣ್ಣದಾಗಿದೆ. ಅವರ ಮಾತು ಮುದ್ರಿಸಲು ಹೋದ ನಾನು ನನ್ನದನ್ನೇ ಚೆನ್ನಾಗಿ ಮುದ್ರಿಸಿಕೊಂಡು ಬಂದಿದ್ದೇನೆ.

ಅವರು ಹೇಳಿದ್ದಾದರೂ ಎಷ್ಟು! ಹುತ್ತರಿಗೆ ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟುವಾಗ ಯಾವ ಎಲೆಯ ಮೇಲೆ ಯಾವ ಎಲೆ ಬರಬೇಕು ಎಂಬುದನ್ನು ಬೆರಳು ಮಡಚಿ ತೋರಿಸಿದರು. ದೊಡ್ಡ ಗದ್ದೆಯ ನಾಟಿ ಮುಗಿಸುವಾಗ ನಾಟಿ ಓಟಕ್ಕೆಂದು ನಡುವೆ ಉದ್ದಕ್ಕೂ ಜಾಗ ಬಿಡುವುದನ್ನು ವಿವರಿಸಿದರು. ಓಡಿ ಗೆದ್ದವರ ಕಥೆಯನ್ನು ನಾನು ಅಜ್ಜನಿಂದ ನೂರು ಸಲ ಕೇಳಿದ್ದೆ. ಬಗ್ಗಿ ನೆಟ್ಟವರ ಕಡೆಯಿಂದ ಅದೇ ಗದ್ದೆಯ ಕಥೆ ಕೇಳಿದ್ದು ಇದೇ ಮೊದಲು. ಸಾಲು ಎಲ್ಲಿಂದ ಹಿಡಿಯಬೇಕು, ಮಳೆ ಹೊಡೆದರೆ ಯಾರು ಮುಂದೆ ನಿಲ್ಲಬೇಕು, ಸೊಂಟ ಯಾವಾಗ ನೆಟ್ಟಗಾಗುತ್ತದೆ ಎಂಬುದೆಲ್ಲ ಅದರಲ್ಲಿತ್ತು. "ಪೊಲಿ ಪೊಲಿ ದೇವಾ" ಎಂಬ ಹುತ್ತರಿಯ ಕೂಗನ್ನು ಒಮ್ಮೆ ಕೂಗಿಯೂ ತೋರಿಸಿದರು. ಅಲ್ಲೊಂದು ಕಡೆ ಮಾತ್ರ ಅವರ ದನಿ ನನ್ನದಕ್ಕಿಂತ ಎತ್ತರದಲ್ಲಿದೆ.

ಆಮೇಲೆ ನಮ್ಮ ಒಕ್ಕದ ಹಿರಿಯರ ಹೆಸರುಗಳನ್ನು ಹೇಳತೊಡಗಿದರು. ಹಿರಿಯರ ಗುಡಿಯಾದ ಕೈಮಡದಲ್ಲಿ ಕಾರಣರಿಗೆ, ಅಂದರೆ ಗತಿಸಿದ ಪೂರ್ವಿಕರಿಗೆ ಎಡೆ ಇಡುವಾಗ ನಾವು ನೆನೆಯುವ ಹೆಸರುಗಳು. ನನಗೆ ನಾಲ್ಕು ತಲೆಮಾರು ಗೊತ್ತು. ಅವರು ಏಳು ತಲೆಮಾರು ಹೇಳಿದರು. ಯಾರು ಯಾರ ತಮ್ಮ, ಯಾರು ಪಾಲು ಕೇಳಿ ಮುನಿಸಿಕೊಂಡು ಹೋದವರು, ಎಲ್ಲ. ನಿಮ್ಮ ಕಡೆಯವರದು ಹೇಳಿ ಎಂದಾಗ, "ಅಮ್ಮನ ಹೆಸರು ಗೊತ್ತು. ಅಮ್ಮನ ಅಮ್ಮ ಯಾರೋ" ಎಂದರು. ನಾನು ಮುಂದಿನ ಪ್ರಶ್ನೆಗೆ ಹೋದೆ. ಅದೂ ಮುದ್ರಣದಲ್ಲಿದೆ.

ಸಂಜೆ ಆ ಹತ್ತು ಸೆಕೆಂಡಿನ ತುಣುಕನ್ನು ಒಕ್ಕದ ವಾಟ್ಸಾಪ್ ಗುಂಪಿಗೆ ಹಾಕಿದೆ. "ಎಂಥ ಪ್ರೀತಿ ನೋಡಿ, ನಮ್ಮ ಮನೆಪೆದವೇ ತನ್ನದು ಎನ್ನುತ್ತಾರೆ" ಎಂದು ಬರೆದೆ. ಬೆಂಗಳೂರಿನಿಂದ, ದುಬೈಯಿಂದ ಕೈಮುಗಿದ ಚಿತ್ರಗಳು ಬಂದವು. ಕೊನೆಗೆ ದೊಡ್ಡಪ್ಪನ ಒಂದು ಸಾಲು ಬಂತು: "ಅವಳು ಒಕ್ಕದ ಆಳಲ್ಲವೇ, ಮತ್ತೇನು ಹೇಳುತ್ತಾಳೆ?"

ಒಕ್ಕದ ಆಳು. ಈ ಮಾತನ್ನು ನಾನು ಬೇರೆಲ್ಲೋ ಓದಿದ್ದೆ.

ನಾನು ಸಮಾಜ ವಿಜ್ಞಾನ ಕಲಿಸುವವಳು. ಹಳೆಯ ದಾಖಲೆ ಓದುವ ಅಭ್ಯಾಸವಿದೆ. ಬ್ರಿಟಿಷರ ಕಾಲದಲ್ಲಿ ಕೊಡಗಿನ ಬಗ್ಗೆ ಬರೆದವರು ಇಲ್ಲಿನ ಗುಲಾಮರಲ್ಲಿ ಎರಡು ಬಗೆ ಎಂದು ದಾಖಲಿಸಿದ್ದಾರೆ. ಭೂಮಿ ಜಮ್ಮದ ಆಳು, ಒಕ್ಕ ಜಮ್ಮದ ಆಳು. ಮೊದಲನೆಯವರು ನೆಲಕ್ಕೆ ಕಟ್ಟುಬಿದ್ದವರು. ಗದ್ದೆ ಕೈ ಬದಲಾದರೆ ಅದರ ಜೊತೆಗೆ ಹೋಗುವವರು. ಎರಡನೆಯವರು ಒಕ್ಕದ ಸ್ವತ್ತು. ರಾಜರ ಪಣ್ಯಗಳಲ್ಲಿ, ಅಂದರೆ ಅರಮನೆಯ ಸ್ವಂತ ಜಮೀನುಗಳಲ್ಲಿ ದುಡಿದವರೂ ಗುಲಾಮರೇ. ಜಮ್ಮ ಎಂಬುದು ನಾವು ಎದೆಯುಬ್ಬಿಸಿ ಹೇಳುವ ಪದ. ಜಮ್ಮ ಭೂಮಿ ಎನ್ನುತ್ತೇವೆ, ಜಮ್ಮದ ಹಕ್ಕಿನಿಂದ ಬಂದ ಕೋವಿ ಎನ್ನುತ್ತೇವೆ. ಹುಟ್ಟಿನಿಂದ ಬಂದದ್ದು ಎಂದು ಅದರ ಅರ್ಥ. ಅದೇ ಪದ ಮನುಷ್ಯರ ಹಿಂದೆಯೂ ಅಂಟಿಕೊಂಡಿತ್ತು ಎಂದು ಓದಿದಾಗ ಪುಟ ಮಗುಚಿ ಮುಂದೆ ಹೋಗಿದ್ದೆ. ಅಚ್ಚಿನಲ್ಲಿರುವ ಪದಕ್ಕೆ ದನಿ ಇರುವುದಿಲ್ಲ. ಈಗ ಅದಕ್ಕೆ ಒಂದು ದನಿ ಬಂದಿದೆ, ಸಣ್ಣದು, ಮೆಟ್ಟಿಲ ಮೇಲಿನಿಂದ: ಮನೆಪೆದ ನಿಮ್ಮದೇ.

ಹತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಅಮೆರಿಕದ ಗುಲಾಮಗಿರಿಯ ಕಥೆ ಹೇಳುತ್ತಿದ್ದೇನೆ. ಲಿಂಕನ್, 1863ರ ಘೋಷಣೆ, 1865ರ ತಿದ್ದುಪಡಿ, ಎಲ್ಲವನ್ನೂ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಹತ್ತಿ ತೋಟದಲ್ಲಿ ದುಡಿದವರ ಮಕ್ಕಳಿಗೆ ಯಜಮಾನನ ಅಡ್ಡಹೆಸರೇ ಹೆಸರಾಯಿತು ಎಂದಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಆ ಪಾಠ ಹೇಳುವಾಗ ನನ್ನ ಗಂಟಲು ಕಟ್ಟಿದ್ದೂ ಉಂಟು. ಅದೇ ನಾನು ನಮ್ಮ ಮನೆಯ ಮೆಟ್ಟಿಲ ಮೇಲೆ ಅದೇ ಮಾತು ಕೇಳಿ ನಕ್ಕಿದ್ದೇನೆ.

1834ನ್ನು ಕೊಡಗಿನ ಮಕ್ಕಳು ಮರೆಯುವುದಿಲ್ಲ. ಆ ಏಪ್ರಿಲ್‌ನಲ್ಲಿ ಚಿಕ್ಕವೀರರಾಜೇಂದ್ರ ಶರಣಾದ, ಕೊಡಗು ಕಂಪೆನಿಯ ಕೈಸೇರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಬ್ರಿಟಿಷ್ ಕಾಯಿದೆ ಜಾರಿಗೆ ಬಂತು. ಅದರಲ್ಲಿ ಪರಿಹಾರಕ್ಕೆಂದು ಎತ್ತಿಟ್ಟದ್ದು 2 ಕೋಟಿ ಪೌಂಡ್. ಆ ಹಣ ಹೋದದ್ದು ಯಜಮಾನರಿಗೆ, ದುಡಿದವರಿಗೆ ಒಂದು ಕಾಸೂ ಇಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆಯ ನೆಲವನ್ನು ಆ ಕಾಯಿದೆಯಿಂದ ಹೊರಗಿಟ್ಟರು. ಇಲ್ಲಿನವರು 1843ರ 5ನೇ ಕಾಯಿದೆಯವರೆಗೆ ಕಾಯಬೇಕಾಯಿತು. ಕಂದಾಯದ ಬಾಕಿಗೆ ಅಥವಾ ನ್ಯಾಯಾಲಯದ ತೀರ್ಪಿನ ಜಾರಿಗೆ ಯಾರನ್ನೂ ಗುಲಾಮರೆಂದು ಸರ್ಕಾರಿ ಅಧಿಕಾರಿಗಳು ಮಾರಕೂಡದು ಎಂದು ಅದರಲ್ಲಿ ಬರೆಯಬೇಕಾಯಿತು. ಗುಲಾಮರ ಮೇಲಿನ ಒಡೆತನದ ಹಕ್ಕನ್ನು ಯಾವ ನ್ಯಾಯಾಲಯವೂ ಮಾನ್ಯ ಮಾಡುವಂತಿಲ್ಲ ಎಂದೂ ಇತ್ತು. ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು ದಂಡ ಸಂಹಿತೆ ಜಾರಿಗೆ ಬಂದ 1862ರಲ್ಲಿ. ಅಷ್ಟರಲ್ಲಿ ಮಡಿಕೇರಿಯ ಸುತ್ತ ಬಿಳಿಯರ ಕಾಫಿ ತೋಟಗಳು ಎದ್ದಿದ್ದವು, ಯಜಮಾನನ ಗದ್ದೆಯಿಂದ ತೋಟದ ಕೂಲಿಗೆ ದಾರಿ ತೆರೆದಿತ್ತು. ಮುಂಗಡದ ಸಾಲ, ಲೈನ್ ಮನೆ ಎನ್ನುವ ತೋಟದ ಕೂಲಿಗಳ ಸಾಲುಮನೆ, ಆ ದಾರಿಯಲ್ಲಿ ಸಿಕ್ಕಿದ ಹೊಸ ಕಟ್ಟುಗಳು. ಜೀತವನ್ನು ನಿಷೇಧಿಸಲು 1976ರ ಕಾಯಿದೆ ಬೇಕಾಯಿತು. 2016ರ ಡಿಸೆಂಬರ್‌ನಲ್ಲಿ ಕೊಡಗಿನದೇ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ಚಳಿಯಲ್ಲಿ ಕುಳಿತವರಲ್ಲಿ ಲೈನ್ ಮನೆ ಬಿಟ್ಟು ಬಂದ ಆದಿವಾಸಿಗಳು ಎಷ್ಟೋ ಮಂದಿ. ಸ್ವಂತದ್ದು ಎನ್ನಲು ಒಂದು ಬಾಗಿಲು ಬೇಕು ಎಂದೇ ಅವರು ಕೇಳಿದ್ದು.

ನಾಲ್ಕುನಾಡು ಅರಮನೆ ನಮ್ಮ ಐನ್‌ಮನೆಗೆ ದೂರವೇನಲ್ಲ. ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವನು, ಇದು ಅವನ ಮದುವೆಯ ಮಂಟಪ ಎಂದು ತೋರಿಸುತ್ತೇನೆ. ಅದೇ ಅರಮನೆಯ ಸುತ್ತ ನೆಲೆಸಿದ್ದ ಕಾಪಾಳರ ಬಗ್ಗೆ ಒಂದು ದಿನವೂ ಹೇಳಿಲ್ಲ. ರಾಜರ ಕಾವಲಿಗಿದ್ದ ಆಫ್ರಿಕಾ ಮೂಲದ ಸಿದ್ದಿಗಳ ಸಂತತಿ ಇವರಿರಬೇಕು ಎಂದು ಮಡಿಕೇರಿಯಲ್ಲಿ ಶಿಕ್ಷಕರಾಗಿದ್ದ ರಿಕ್ಟರ್ 1870ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ಸಿದ್ದಿಗಳ ಪೂರ್ವಿಕರಂತೆ ಸಮುದ್ರ ದಾಟಿಸಿ ತಂದವರ ಮಕ್ಕಳು ನಮ್ಮ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕೊಡವ ತಕ್ಕ್ ಆಡಿಕೊಂಡು ಬದುಕಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದ, ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಕಥೆಯಾದರೆ ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠ.

ಬುಧವಾರ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರು ನಮ್ಮ ಒಕ್ಕದ ಪಟ್ಟೆದಾರ, ಅಂದರೆ ಯಜಮಾನ, ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. "ಆ ಮಾತು ಯಾಕೆ ಬರೆದಿರಿ ದೊಡ್ಡಪ್ಪ?" ಎಂದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಗಳೇ, ಅವರನ್ನು ನಾವು ಮನೆಯವರ ಹಾಗೆಯೇ ನೋಡಿಕೊಂಡೆವಲ್ಲ" ಎಂದರು. ಹೌದು, ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹಣ ಕೊಟ್ಟವರು ಇವರೇ. ದೊಡ್ಡಪ್ಪ ಕೆಟ್ಟವರಲ್ಲ. ಅದೇ ನನ್ನನ್ನು ಕಾಡುವುದು. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. "ಮನೆಯವರ ಹಾಗೆ ಎಂದರೆ, ಕೈಮಡದಲ್ಲಿ ಅವರ ಹಿರಿಯರಿಗೂ ಎಡೆ ಇಡುತ್ತಿದ್ದೆವೇ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಾಫಿ ಕೊಯ್ಲಿಗೆ ಜನ ಸಿಗುತ್ತಿಲ್ಲ ಎಂದು ಮಾತು ತಿರುಗಿಸಿದರು.

ಕೊಡವ ತಕ್ಕ್ ಅಳಿಯುತ್ತಿದೆ ಎಂದು ನಾವು ಸಭೆಗಳಲ್ಲಿ ಕಣ್ಣೀರು ಹಾಕುತ್ತೇವೆ. ಆ ಕಣ್ಣೀರು ಸುಳ್ಳಲ್ಲ. ಆದರೆ ನನ್ನ ಅಣ್ಣನ ಮಕ್ಕಳು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ. ಅಜ್ಜಿಯ ಕೇರಿಯ ಮಕ್ಕಳು ಜಗಳವಾಡುವುದು ಕೊಡವ ತಕ್ಕ್‌ನಲ್ಲೇ. ಮೇದರು ಬಾರಿಸುವ ಪರೆಯ ಸದ್ದು ಕಿವಿಗೆ ಬಿದ್ದರೆ ನಮ್ಮ ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ, ಇದು ಕೊಡಗಿನ ರಕ್ತ ಎನ್ನುತ್ತೇವೆ. ನುಡಿಸುವವನ ಊಟ ಯಾವ ಪಂಕ್ತಿಯಲ್ಲಿ ಎಂದು ಕೇಳುವುದಿಲ್ಲ. ನಮ್ಮದು ಎಂದು ನಾವು ಹೇಳುವ ನುಡಿ, ಹಬ್ಬ, ಗದ್ದೆಯ ನೆನಪು, ಕೊನೆಗೆ ನಮ್ಮ ಅಜ್ಜಂದಿರ ಹೆಸರುಗಳೂ ಯಾರ ಬಾಯಲ್ಲಿ ಉಳಿದಿವೆ ಎಂಬುದನ್ನು ಆ 42 ನಿಮಿಷ ನನ್ನ ಕಿವಿಯ ಹತ್ತಿರವೇ ಹೇಳುತ್ತಿವೆ. ಅಜ್ಜಿ ನಮ್ಮ ಏಳು ತಲೆಮಾರು ಕಾಪಾಡಿದ್ದಾರೆ. ಅವರ ಎರಡನೆಯ ತಲೆಮಾರನ್ನು ಕಾಪಾಡಲು ಯಾರೂ ಇರಲಿಲ್ಲ.

ನಿನ್ನೆ ಶಾಲೆ ಬಿಟ್ಟವಳೇ ಬಸ್ಸು ಹಿಡಿದು ಹೋದೆ. ಐನ್‌ಮನೆಗಲ್ಲ, ಗದ್ದೆ ದಾಟಿ ಅಜ್ಜಿಯ ಮನೆಗೆ. ಐವತ್ತು ವರ್ಷದ ಬದುಕಿನಲ್ಲಿ ಆ ಮನೆಯೊಳಗೆ ಕಾಲಿಟ್ಟದ್ದು ಮೊದಲ ಸಲ. ಅಜ್ಜಿ ಗಾಬರಿಯಾಗಿ ಕುರ್ಚಿ ಒರೆಸಿದರು. ಚಾಪೆಯ ಮೇಲೆ ಅವರ ಪಕ್ಕ ಕುಳಿತೆ. ವಿರಾಜಪೇಟೆಯಲ್ಲಿ ಪದವಿ ಓದುತ್ತಿರುವ ಮೊಮ್ಮಗಳು ಬೆಲ್ಲದ ಕಾಫಿ ಕೊಟ್ಟಳು. ಅವಳಿಗೆ ತುಣುಕನ್ನು ಕೇಳಿಸಿ, ವಾಟ್ಸಾಪ್‌ಗೆ ಹಾಕಿದ್ದನ್ನೂ ಹೇಳಿ, ತಪ್ಪಾಯಿತು ಎಂದೆ. ಮೊಬೈಲಿನಲ್ಲಿರುವುದನ್ನೂ ಅಳಿಸಿಬಿಡಲೇ ಎಂದು ಕೇಳಿದೆ.

ಅವಳು ಇನ್ನೊಮ್ಮೆ ಕೇಳಿಸಿಕೊಂಡಳು. ಅಜ್ಜಿಯ ಮುಖ ನೋಡಿದಳು. "ಅಳಿಸಬೇಡಿ ಮೇಡಂ. ಅಜ್ಜಿ ಹೇಳಿದ್ದು ಇರಲಿ, ನೀವು ನಕ್ಕದ್ದೂ ಇರಲಿ" ಎಂದಳು. ಸಿಟ್ಟಿನಿಂದ ಹೇಳಿದಳೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸಿಟ್ಟಿದ್ದರೆ ಅದು ಅವಳ ಹಕ್ಕು.

ಮೊಬೈಲನ್ನು ಈ ಸಲ ಅಜ್ಜಿಯ ಮಡಿಲಲ್ಲಿಟ್ಟು ಮತ್ತೆ ಕೇಳಿದೆ, ಅಮ್ಮನ ಬಗ್ಗೆ. ಅವರು ಅಮ್ಮನ ಹೆಸರು ಹೇಳಿದರು. ಅಮ್ಮ ಹಾಡುತ್ತಿದ್ದ ಒಂದು ಸಾಲು ಹೇಳಿದರು. ಮುಂದಿನ ಸಾಲು ಬರಲಿಲ್ಲ. ಬರುತ್ತದೇನೋ ಎಂದು ಮೂವರೂ ಕಾದೆವು.

ನಮೂನೆಯಲ್ಲಿ ಮನೆಪೆದದ ಜಾಗ ಖಾಲಿಯೇ ಇದೆ. "ನಮ್ಮದೇ ಒಂದು ಹೆಸರು ಇತ್ತೆಂದು ನನ್ನ ದೊಡ್ಡಪ್ಪ ಒಮ್ಮೆ ಹೇಳಿದ ನೆನಪು, ಕೇಳಿ ಫೋನ್ ಮಾಡುತ್ತೇನೆ" ಎಂದಿದ್ದಾಳೆ ಹುಡುಗಿ. ಅವಳ ದೊಡ್ಡಪ್ಪ ತೋಟದ ಕೆಲಸ ಮುಗಿಸಿ ಮನೆಗೆ ಬರುವುದು ಏಳು ಗಂಟೆಗೆ. ಈಗ ಎಂಟೂವರೆ. ಮೊಬೈಲ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.